ಹಿಡಿಕೆ ಇಲ್ಲದ ಕಲ್ಲು: ಅಟ್ಲಾಸ್ ಸ್ಟೋನ್ ನೋಡೋದು ಹೇಗೆ, ಎತ್ತೋದು ಹೇಗೆ

ಟಿವಿಯಲ್ಲಿ ಬಲಶಾಲಿಗಳ ಸ್ಪರ್ಧೆ 'ವರ್ಲ್ಡ್ಸ್ ಸ್ಟ್ರಾಂಗೆಸ್ಟ್ ಮ್ಯಾನ್' ನೋಡುವವರು ಕೊನೆಯ ಆಟಕ್ಕೇ ಕಾದು ಕೂತಿರುತ್ತಾರೆ. ಸಾಲಾಗಿ ಐದು ದುಂಡು ಕಲ್ಲು, ಎದುರಿಗೆ ಐದು ಕಟ್ಟೆ. ಮೊದಲ ಕಲ್ಲು ಎಲ್ಲಕ್ಕಿಂತ ಹಗುರ, ಐದನೆಯದು ಎಲ್ಲಕ್ಕಿಂತ ಭಾರ. ಒಂದೊಂದನ್ನೇ ಎತ್ತಿ ಕಟ್ಟೆ ಮೇಲೆ ಇಡುತ್ತಾ ಹೋಗಬೇಕು. ಬೇಗ ಮುಗಿಸಿದವನು ಗೆದ್ದ. ಅಟ್ಲಾಸ್ ಸ್ಟೋನ್ ಅಂದರೆ ಇಷ್ಟೇ.

ಇಷ್ಟು ಸರಳವಾಗಿ ಕಾಣುವುದರಿಂದಲೇ ಎಷ್ಟೋ ಹುಡುಗರು ಸೀದಾ ಹೋಗಿ ಯಾವುದೋ ಕಲ್ಲಿಗೆ ಕೈ ಹಾಕುತ್ತಾರೆ. ನಾನೂ ಹಾಗೇ ಮಾಡಿದ್ದೆ. ಹತ್ತೊಂಬತ್ತನೇ ವಯಸ್ಸಲ್ಲಿ, ಊರ ಹನುಮಪ್ಪನ ಗುಡಿ ಮುಂದೆ ಬಿದ್ದಿದ್ದ ಗುಂಡುಕಲ್ಲಿಗೆ. ಮೊಣಕಾಲವರೆಗೆ ಬಂತು. ಆಮೇಲೆ ಎರಡೂ ಮುಂಗೈ ಚರ್ಮ ತರಚಿಕೊಂಡು ಜಾರಿ, ಕಾಲಿನ ಹೆಬ್ಬೆರಳ ಪಕ್ಕದಲ್ಲೇ ದೊಪ್ಪನೆ ಬಿತ್ತು. ಕಟ್ಟೆ ಮೇಲೆ ಎಲೆ ಅಡಿಕೆ ಹಾಕುತ್ತಾ ಕೂತಿದ್ದ ಅಜ್ಜ ಒಬ್ಬ ಹಳೇ ಪೈಲ್ವಾನ. ಎದ್ದೂ ಬರಲಿಲ್ಲ. ಅಲ್ಲಿಂದಲೇ ಹೇಳಿದ: "ತಮ್ಮಾ, ಕಲ್ಲಿನ ಜೋಡಿ ಜಗಳಾ ಆಡಬ್ಯಾಡೋ. ಕೂಸಿನಂಗ ಉಡ್ಯಾಗ ಹಾಕ್ಕೋ."

ಉಡಿ ಅಂದರೆ ಮಡಿಲು. ಇಲ್ಲಿ ನಾನು ಹೇಳಬೇಕಿರುವುದರಲ್ಲಿ ಮುಕ್ಕಾಲು ಪಾಲು ಆ ಒಂದು ಮಾತಲ್ಲೇ ಇದೆ. ಉಳಿದದ್ದು ಮರಳು, ಸಿಮೆಂಟು, ಅಂಟು, ಎಣ್ಣೆ.

ಮೊದಲು ಸರಿಯಾಗಿ ನೋಡಿ

ಎತ್ತುವುದಕ್ಕೆ ಮುಂಚೆ ಒಂದು ವಾರ ಸುಮ್ನೆ ವಿಡಿಯೋ ನೋಡಿ. ಆದರೆ ಏನು ನೋಡಬೇಕು ಅನ್ನುವುದು ಗೊತ್ತಿರಲಿ.

'ವರ್ಲ್ಡ್ಸ್ ಸ್ಟ್ರಾಂಗೆಸ್ಟ್ ಮ್ಯಾನ್' ಸ್ಪರ್ಧೆ 1977ರಲ್ಲಿ ಕ್ಯಾಲಿಫೋರ್ನಿಯಾದ ಯೂನಿವರ್ಸಲ್ ಸ್ಟುಡಿಯೋದಲ್ಲಿ ಶುರುವಾಯಿತು. ಟಿವಿಗಾಗಿಯೇ ಹುಟ್ಟಿದ ಆಟ ಇದು. ದುಂಡು ಕಲ್ಲು ಬಂದದ್ದು 1986ರಲ್ಲಿ, ಫ್ರಾನ್ಸಿನ ನೀಸ್ ಊರಲ್ಲಿ ನಡೆದ ವರ್ಷ. ಆಗ ಅದಕ್ಕೆ ಮೆಕ್‌ಗ್ಲಾಶನ್ ಸ್ಟೋನ್ ಅನ್ನುತ್ತಿದ್ದರು. ಆಕಾಶ ಹೊತ್ತು ನಿಂತ ಗ್ರೀಕ್ ಪುರಾಣದ ಅಟ್ಲಾಸನ ಹೆಸರು ಆಮೇಲೆ ಅಂಟಿಕೊಂಡಿತು. ಹಳೇ ಸೆಟ್ಟುಗಳಲ್ಲಿ ಕಲ್ಲುಗಳು 100 ಕಿಲೋದಿಂದ 160 ಕಿಲೋ ಇರುತ್ತಿದ್ದವು. ಈಗ ಕೊನೆಯ ಕಲ್ಲು 200 ಕಿಲೋ ದಾಟುವುದೂ ಉಂಟು.

ಮೊದಲ ಒಂದೆರಡು ಕಲ್ಲನ್ನು ದೊಡ್ಡ ಆಟಗಾರರು ನೆಲದಿಂದ ಎದೆಗೆ ಒಂದೇ ಎಳೆತದಲ್ಲಿ ತಂದುಬಿಡುತ್ತಾರೆ. ಮಧ್ಯೆ ಎಲ್ಲೂ ನಿಲ್ಲಿಸುವುದಿಲ್ಲ. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಬಂದಾಗ ಆ ಒಂದೇ ಎಳೆತ ನಡೆಯುವುದಿಲ್ಲ. ಕಲ್ಲನ್ನು ತೊಡೆ ಮೇಲೆ ಕೂರಿಸಿ, ಕೈ ಬದಲಿಸಿ, ಆಮೇಲೆ ಏಳುತ್ತಾರೆ. ಯಾವ ಕಲ್ಲಿನಲ್ಲಿ ಮಡಿಲು ಬೇಕಾಯಿತು ಅನ್ನುವುದನ್ನು ನೋಡಿ. ಆ ಮನುಷ್ಯನ ಸಲೀಸು ಎಲ್ಲಿಗೆ ಮುಗಿಯಿತು ಅಂತ ತಿಳಿಯುವುದು ಅಲ್ಲೇ. ಕ್ಯಾಮೆರಾ ಮುಖದ ಮೇಲೆ ಹೋಗುತ್ತದೆ, ಕಾಮೆಂಟರಿಯವರು ಕಿರುಚುತ್ತಾರೆ. ನೀವು ಮಾತ್ರ ತೊಡೆ ನೋಡಿ.

ಸ್ಕಾಟ್ಲೆಂಡಿನ ಟಾಮ್ ಸ್ಟೋಲ್ಟ್‌ಮನ್‌ನ ವಿಡಿಯೋಗಳಿಂದ ಶುರು ಮಾಡಿದರೆ ಒಳ್ಳೆಯದು. 2021, 2022 ಮತ್ತು 2024ರಲ್ಲಿ ಪಟ್ಟ ಗೆದ್ದವನು, ಈ ಕಲ್ಲಿನ ಆಟದ ರಾಜ ಅಂತಲೇ ಹೆಸರು. 2020ರಲ್ಲಿ 286 ಕಿಲೋ ಕಲ್ಲನ್ನು ಎತ್ತಿ ಅಡ್ಡಪಟ್ಟಿಯ ಆಚೆಗೆ ಹಾಕಿದ್ದಾನೆ. ಉದ್ದ ಕೈ, ಅಗಲ ಎದೆ. ಕಲ್ಲು ಅವನ ತೋಳೊಳಗೆ ಸೇರಿತು ಅಂದರೆ ಅರ್ಧ ಕೆಲಸ ಆಯಿತು. ನಮ್ಮಂಥವರಿಗೆ ಆ ಕೈ ಇಲ್ಲ, ಅದಕ್ಕೇ ನಮಗೆ ಮಡಿಲು ಇನ್ನೂ ಜಾಸ್ತಿ ಬೇಕು.

ಅಂಕದ ಲೆಕ್ಕವೂ ತಿಳಿದಿರಲಿ. ಫೈನಲ್‌ನಲ್ಲಿ ಸಾಮಾನ್ಯವಾಗಿ ಹತ್ತು ಜನ. ಪ್ರತಿ ಆಟದಲ್ಲೂ ಮೊದಲ ಸ್ಥಾನಕ್ಕೆ 10, ಕೊನೆಯದಕ್ಕೆ 1. ಇಬ್ಬರು ಸಮ ಆದರೆ ಅಂಕ ಹಂಚಿಹೋಗುತ್ತದೆ. 2025ರಲ್ಲಿ ದಕ್ಷಿಣ ಆಫ್ರಿಕಾದ ರೇನೊ ನೆಲ್ 47 ಅಂಕ ಪಡೆದು ಗೆದ್ದ, ಸ್ಟೋಲ್ಟ್‌ಮನ್ 46.5ಕ್ಕೆ ನಿಂತ. ಅರ್ಧ ಅಂಕ! ಹಾಗಾಗಿ ಕೊನೆಯ ಕಲ್ಲಿನಲ್ಲಿ ಯಾರೋ ಒಬ್ಬ ಒಂದು ಸೆಕೆಂಡ್ ತಡಮಾಡಿದ ಅಂದರೆ ಅದು ಬರೀ ಒಂದು ಸೆಕೆಂಡಲ್ಲ.

ಯಾರು ಕೈ ಹಾಕಬಾರದು

ಬಿಪಿ ಇರುವವರು, ಹರ್ನಿಯಾ ಆದವರು, ಬೆನ್ನಿನ ಡಿಸ್ಕ್ ತೊಂದರೆ ಇರುವವರು, ಬಸುರಿಯರು, ಇತ್ತೀಚೆಗೆ ಆಪರೇಷನ್ ಆದವರು ಇದರ ತಂಟೆಗೆ ಬರಬೇಡಿ. ಭಾರ ಎತ್ತುವಾಗ ಉಸಿರು ಹಿಡಿಯಬೇಕಾಗುತ್ತದೆ, ಆ ಕ್ಷಣ ರಕ್ತದ ಒತ್ತಡ ಏರುತ್ತದೆ. ಜೊತೆಗೆ ಈ ಎತ್ತುವಿಕೆಯಲ್ಲಿ ಬೆನ್ನು ಸ್ವಲ್ಪ ಬಾಗಿಯೇ ಇರುತ್ತದೆ. ಜಿಮ್ಮಿನಲ್ಲಿ ಡೆಡ್‌ಲಿಫ್ಟ್ (ನೆಲದಿಂದ ಭಾರದ ಸರಳು ಎತ್ತುವುದು) ಕಲಿಸುವವರು ಬೆನ್ನು ನೆಟ್ಟಗೆ ಇರಲಿ ಅಂತ ಬಡಕೊಳ್ಳುತ್ತಾರಲ್ವಾ, ಇಲ್ಲಿ ಅದು ಪೂರ್ತಿ ನಡೆಯುವುದಿಲ್ಲ. ಕಲ್ಲಿನ ಸುತ್ತ ಮೈ ಸುತ್ತಿಕೊಳ್ಳಲೇಬೇಕು. ಸಂಶಯ ಇದ್ದರೆ ಡಾಕ್ಟರನ್ನು ಕೇಳಿ.

ಕಲ್ಲು ಬೇಡ, ಮೊದಲು ಚೀಲ

ಮೊದಲ ಎರಡು ತಿಂಗಳು ಕಲ್ಲಿನ ಕಡೆ ತಿರುಗಿಯೂ ನೋಡಬೇಡಿ. ಮರಳು ಚೀಲ ಸಾಕು. ಬೆಳಗಾವಿ, ಬಾಗಲಕೋಟೆ ಕಡೆಯವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆ ಕಡೆಯ ಜಾತ್ರೆಗಳಲ್ಲಿ ಗುಂಡುಕಲ್ಲು, ಸಂಗ್ರಾಣಿ ಕಲ್ಲಿನ ಜೊತೆಗೆ ಉಸುಕಿನ ಚೀಲ ಎತ್ತುವುದೂ ಇರುತ್ತದೆ. ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಸಂಕ್ರಾಂತಿ ಹೊತ್ತಿಗೆ ಭಾರ ಎತ್ತುವ ಸ್ಪರ್ಧೆ ನಡೆಯುತ್ತದೆ. ಒಮ್ಮೆ ಹೋಗಿ ನೋಡಿ ಬನ್ನಿ. ಟಿವಿಯಲ್ಲಿ ಸಿಗದ ಒಂದು ವಿಷಯ ಅಲ್ಲಿ ಸಿಗುತ್ತದೆ. ಎತ್ತುವವನ ಉಸಿರಿನ ಸದ್ದು ನಿಮಗೆ ಕೇಳಿಸುತ್ತದೆ.

ಚೀಲ ಮಾಡುವುದು ಸುಲಭ. ಖಾಲಿ ಸಿಮೆಂಟ್ ಚೀಲ ಒಂದರೊಳಗೆ ಒಂದು ತೂರಿಸಿ, ಒಣ ಮರಳು ತುಂಬಿ, ಬಾಯಿ ಎರಡು ಸಲ ಮಡಿಚಿ ಹುರಿಯಿಂದ ಬಿಗಿಯಾಗಿ ಕಟ್ಟಿ. ಅದನ್ನು ಒಂದು ಗೋಣಿಚೀಲಕ್ಕೆ ಹಾಕಿದರೆ ಹರಿಯುವುದಿಲ್ಲ, ಕೈಗೂ ಹಿಡಿತ ಸಿಗುತ್ತದೆ. 50 ಕಿಲೋ ಸಿಮೆಂಟ್ ಚೀಲದಲ್ಲಿ ಅರ್ಧ ತುಂಬಿದರೆ ಸುಮಾರು 25 ಕಿಲೋ ಚಿಲ್ಲರೆ ಮರಳು ಬರುತ್ತದೆ. ಮಳೆಗೆ ಬಿಡಬೇಡಿ. ನೆನೆದ ಮರಳು ಎಷ್ಟು ಭಾರ ಅಂತ ನಿಮಗೆ ಗೊತ್ತಾಗುವುದೇ ಇಲ್ಲ. ತೂಕ ನೋಡಲು ಬಾತ್‌ರೂಮ್ ಸ್ಕೇಲ್ ಮೇಲೆ ಚೀಲ ಹೊತ್ತು ನಿಂತು, ನಿಮ್ಮ ತೂಕ ಕಳೆಯಿರಿ.

ಇಷ್ಟೂ ಕೆಲಸ ಬೇಡ ಅನ್ನುವವರಿಗೆ ಮನೆಯಲ್ಲೇ ಇದೆಯಲ್ಲ, 25 ಕಿಲೋ ಅಕ್ಕಿ ಚೀಲ. ಮನೆಯವರನ್ನು ಕೇಳಿ ಮುಟ್ಟಿ.

ಗಂಡಸರು 20ರಿಂದ 25 ಕಿಲೋ, ಹೆಂಗಸರು 12ರಿಂದ 15 ಕಿಲೋದಿಂದ ಶುರು ಮಾಡಬಹುದು. ವಾರಕ್ಕೆ ಎರಡೇ ದಿನ. ಮೊದಲ ನಾಲ್ಕು ವಾರ ಚೀಲವನ್ನು ನೆಲದಿಂದ ಮಡಿಲಿಗೆ ತಂದು ವಾಪಸ್ ಇಡುವುದು ಮಾತ್ರ. ಐದು ಸಲ, ಎರಡು ನಿಮಿಷ ವಿಶ್ರಾಂತಿ, ಹೀಗೆ ಮೂರು ಸುತ್ತು. ಎದ್ದು ನಿಲ್ಲುವುದೇ ಬೇಡ. ಬೇಜಾರಾಗುತ್ತದೆ, ನಿಜ. ಆದರೆ ಆ ಅಜ್ಜ ಹೇಳಿದ್ದು ಮೈಗೆ ಹತ್ತುವುದು ಹೀಗೇ. ಮುಂದಿನ ನಾಲ್ಕು ವಾರ ಮಡಿಲಿನಿಂದ ಎದ್ದು, ಸೊಂಟದೆತ್ತರದ ಜಗಲಿ ಮೇಲೆ ಇಡಿ. ಎರಡು ವಾರಕ್ಕೊಮ್ಮೆ 5 ಕಿಲೋ ಏರಿಸಿದರೆ ಸಾಕು. ಉಳಿದ ದಿನ ಬಸ್ಕಿ ಹೊಡೆಯಿರಿ. ಗರಡಿ ಮನೆಯ ಸಾಮು ಗೊತ್ತಿದ್ದವರಿಗೆ ಇದು ಅರ್ಧ ಬಂದಂತೆಯೇ.

ಜಾಗ

ಮಣ್ಣಿನ ನೆಲ ಒಳ್ಳೆಯದು. ಟೈಲ್ಸ್ ಮೇಲೆ, ಮಹಡಿ ಮೇಲೆ ಬೇಡ. ಕೆಳಗಿನ ಮನೆಯವರ ಜೊತೆ ಸಂಬಂಧ ಕೆಡಿಸಿಕೊಳ್ಳುವ ಆಸೆ ಇದ್ದರೆ ಮಾತು ಬೇರೆ. ಒಂದು ಹಳೇ ಲಾರಿ ಟೈರ್ ಪಕ್ಕದಲ್ಲಿರಲಿ, ಕಲ್ಲು ಉರುಳಿ ಹೋಗದಂತೆ ಅದರ ನಡುವೆ ಇಡಬಹುದು. ಕಾಲಿಗೆ ಚಪ್ಪಲಿ ಅಲ್ಲ, ಗಟ್ಟಿ ಶೂ. ಉದ್ದ ಪ್ಯಾಂಟು. ಇಲ್ಲದಿದ್ದರೆ ತೊಡೆಯ ಚರ್ಮ ಕಲ್ಲಿಗೆ ಅಂಟಿಕೊಂಡೇ ಬರುತ್ತದೆ. ಪಕ್ಕದಲ್ಲಿ ಒಬ್ಬರಾದರೂ ಇರಲಿ, ಒಂಟಿಯಾಗಿ ಎತ್ತಬೇಡಿ.

ಈಗ ಕಲ್ಲು

ತುಂಬಿದ ಅಡುಗೆ ಸಿಲಿಂಡರ್ ಹೆಚ್ಚುಕಮ್ಮಿ 30 ಕಿಲೋ. ಅದನ್ನು ಎತ್ತಿ ಒಳಗಿಡುವವರು ಎಷ್ಟೋ ಮನೆಗಳಲ್ಲಿ ಇದ್ದಾರೆ. ಹಾಗಂತ 30 ಕಿಲೋ ದುಂಡು ಕಲ್ಲು ಎತ್ತಬಲ್ಲರು ಅನ್ನಲು ಬರುವುದಿಲ್ಲ. ಸಿಲಿಂಡರಿಗೆ ಮೇಲೆ ಹಿಡಿಯಲು ಬಳೆ ಇದೆ. ಕಲ್ಲಿಗೆ ಏನೂ ಇಲ್ಲ. ಹಿಡಿಕೆಯನ್ನು ನೀವೇ ನಿಮ್ಮ ಮೈಯಿಂದ ಮಾಡಿಕೊಳ್ಳಬೇಕು.

ಕಲ್ಲಿನ ಎರಡೂ ಕಡೆ ಕಾಲು ಹಾಕಿ ನಿಲ್ಲಿ. ಕಲ್ಲಿನ ನಡುಭಾಗ ನಿಮ್ಮ ಪಾದದ ನಡುಭಾಗಕ್ಕೆ ಸರಿಯಾಗಿರಲಿ. ಕಲ್ಲು ಮುಂದಕ್ಕೆ ಇದ್ದರೆ ಎಳೆದ ಕೂಡಲೇ ನೀವೂ ಮುಂದಕ್ಕೆ ಮುಗ್ಗರಿಸುತ್ತೀರಿ. ಬೆರಳ ತುದಿ ಸ್ವಲ್ಪ ಹೊರಕ್ಕೆ ತಿರುಗಿರಲಿ.

ಬಗ್ಗಿ. ಎದೆ ಕಲ್ಲಿನ ಮೇಲೆ ಬರಲಿ, ಸೊಂಟ ಮೇಲೇ ಇರಲಿ. ಎರಡೂ ಕೈಯ ಬೆರಳು ಅಗಲಿಸಿ, ಆದಷ್ಟು ಕಲ್ಲಿನ ಅಡಿಗೆ ತೂರಿಸಿ. ಕಲ್ಲಿನ ಕೆಳಗೆ ಎರಡೂ ಕೈ ಒಂದನ್ನೊಂದು ಮುಟ್ಟಲು ಹೊರಟಿವೆ ಅಂದುಕೊಳ್ಳಿ. ಮುಂಗೈ ಒಳಭಾಗ ಕಲ್ಲಿಗೆ ಒತ್ತಿರಲಿ. ಈಗ ಎರಡೂ ಕಡೆಯಿಂದ ಹಿಂಡಿ, ಕಬ್ಬಿನ ಗಾಣದ ಹಾಗೆ. ಮೊಣಕೈ ನೇರ. ಇದನ್ನು ಇನ್ನೊಮ್ಮೆ ಓದಿ: ಮೊಣಕೈ ನೇರ. ತೋಳು ಮಡಿಚಿ ಎಳೆಯಲು ಹೋದಾಗಲೇ ತೋಳಿನ ಸ್ನಾಯು ಹರಿಯುವುದು. ದೊಡ್ಡ ದೊಡ್ಡ ಆಟಗಾರರ ಬೈಸೆಪ್ಸ್ ಕಿತ್ತುಹೋಗುವುದೂ ಹೀಗೇ. ಕೈ ಬರೀ ಕೊಕ್ಕೆ. ಎತ್ತುವುದು ಕಾಲು ಮತ್ತು ಸೊಂಟ.

ಹೊಟ್ಟೆ ತುಂಬ ಉಸಿರೆಳೆದು ಹಿಡಿಯಿರಿ. ಹೊಟ್ಟೆ ಹಲಗೆಯಷ್ಟು ಗಟ್ಟಿಯಾಗಲಿ. ನೆಲವನ್ನು ಕಾಲಿನಿಂದ ಒತ್ತಿ, ಕಲ್ಲು ಮೇಲೆ ಬರುತ್ತದೆ. ಕಿತ್ತು ಎಳೆಯಬೇಡಿ. ಮೊದಲ ಒಂದಂಗುಲ ನಿಧಾನವೇ ಇರಲಿ. ಮೊಣಕಾಲು ದಾಟಿದ ತಕ್ಷಣ, ಹಿಂದೆ ಒಂದು ಕುಳ್ಳ ಸ್ಟೂಲ್ ಇದೆ ಅನ್ನುವ ಹಾಗೆ ಕೂರಿ. ಕಲ್ಲು ತಾನಾಗಿ ತೊಡೆ ಮೇಲೆ ಬಂದು ಕೂರುತ್ತದೆ.

ಇದೇ ಮಡಿಲು. ಇಲ್ಲಿ ನಿಮಗೆ ಸಮಯ ಇದೆ, ಗಾಬರಿ ಬೇಡ. ಹಿಮ್ಮಡಿ ನೆಲದಲ್ಲೇ ಇರಲಿ, ಮೊಣಕಾಲು ಸ್ವಲ್ಪ ಹತ್ತಿರ ತನ್ನಿ, ಇಲ್ಲದಿದ್ದರೆ ಕಲ್ಲು ತೊಡೆಗಳ ನಡುವಿನಿಂದ ಜಾರುತ್ತದೆ. ಉಸಿರು ಬಿಟ್ಟು ಮತ್ತೆ ಎಳೆದುಕೊಳ್ಳಿ. ಈಗ ಒಂದೊಂದೇ ಕೈಯನ್ನು ಅಡಿಯಿಂದ ತೆಗೆದು ಕಲ್ಲಿನ ಮೇಲಿಂದ ಸುತ್ತಿ. ಗದ್ದ ಕಲ್ಲಿನ ಮೇಲೆ ಬರುವಷ್ಟು ಬಾಗಿ ತಬ್ಬಿಕೊಳ್ಳಿ. ನಾನು ಗುಡಿ ಮುಂದೆ ಮಾಡಿದ ತಪ್ಪು ಇದೇ. ಕೂರಬೇಕಾದ ಜಾಗದಲ್ಲಿ ನಿಂತೇ ಇದ್ದೆ, ತೋಳಿನಿಂದ ಮೇಲಕ್ಕೆ ಎಳೆಯುತ್ತಾ.

ತಬ್ಬಿದ ಕಲ್ಲಿನ ಸಮೇತ ಒಂದೇ ಸಲಕ್ಕೆ ಎದ್ದೇಳಿ. ಸೊಂಟವನ್ನು ಮುಂದಕ್ಕೆ ತಳ್ಳಿ, ಮುಖ ಮೇಲಕ್ಕೆ. ಕಲ್ಲು ಹೊಟ್ಟೆ ಮೇಲಿಂದ ಎದೆಗೆ ಉರುಳುತ್ತಾ ಬರುತ್ತದೆ. ಅರ್ಧಕ್ಕೆ ನಿಂತುಬಿಟ್ಟರೆ ವಾಪಸ್ ಮಡಿಲಿಗೆ ಇಳಿಸಿ, ಇನ್ನೊಮ್ಮೆ ನೋಡಿ. ಕಲ್ಲು ಜಾರುತ್ತಿದೆ ಅನ್ನಿಸಿದರೆ ಹಿಡಿಯಲು ಹೋಗಬೇಡಿ. ಕೈ ಬಿಟ್ಟು ಹಿಂದಕ್ಕೆ ಜಿಗಿಯಿರಿ. ಕಲ್ಲಿಗೆ ಏನೂ ಆಗುವುದಿಲ್ಲ.

ಇಡುವಾಗಲೇ ಜನ ಮೈಮರೆಯುತ್ತಾರೆ. ಕಟ್ಟೆಯ ಅಂಚಿಗೆ ಹೊಟ್ಟೆ ತಾಗುವಷ್ಟು ಹತ್ತಿರ ಹೋಗಿ, ಕಲ್ಲನ್ನು ಎದೆಯಿಂದ ಒಳಕ್ಕೆ ಉರುಳಿಸಿ. ಬೆರಳು ಅಡಿಗೆ ಸಿಗದಂತೆ ಪಕ್ಕಕ್ಕೆ ಸರಿಸಿ. ಕಲ್ಲು ನಿಂತಿತು ಅಂತ ಕಣ್ಣಾರೆ ಕಂಡ ಮೇಲೆ ಕೈ ತೆಗೆಯಿರಿ. ವಾಪಸ್ ಎದೆ ಮೇಲೆ ಉರುಳಿ ಬಂದ ಕಲ್ಲು ಎತ್ತುವ ಕಲ್ಲಿಗಿಂತ ಅಪಾಯ. ಕಟ್ಟೆ ಮೇಲೆ ಒಂದು ಬೈಕ್ ಟೈರ್ ಮಲಗಿಸಿಟ್ಟರೆ ಈ ತಲೆನೋವೇ ಇಲ್ಲ.

ಎಷ್ಟು ಭಾರದ ಕಲ್ಲು?

ಐಸ್‌ಲ್ಯಾಂಡಿನ ಡ್ಯುಪಲೋನ್ಸಾಂದುರ್ ಕಡಲ ತೀರದಲ್ಲಿ ಇಂದಿಗೂ ನಾಲ್ಕು ಕಲ್ಲು ಬಿದ್ದಿವೆ. 23 ಕಿಲೋ, 54 ಕಿಲೋ, 100 ಕಿಲೋ, 154 ಕಿಲೋ. ಹಿಂದೆ ಮೀನುಗಾರಿಕೆ ದೋಣಿಗೆ ಆಳು ಸೇರಿಸುವಾಗ ಇವುಗಳಲ್ಲೇ ಪರೀಕ್ಷೆ ನಡೆಯುತ್ತಿತ್ತು. 154ರದ್ದಕ್ಕೆ 'ಪೂರ್ತಿ ಬಲದವನು' ಅಂತ ಹೆಸರು, 100ಕ್ಕೆ 'ಅರ್ಧ ಬಲದವನು'. 23 ಕಿಲೋದ್ದಕ್ಕೆ 'ಕೈಲಾಗದವನು' ಅನ್ನುವ ಅರ್ಥದ ಹೆಸರು. 54 ಕಿಲೋ ಕಲ್ಲನ್ನು ಸೊಂಟದೆತ್ತರದ ಬಂಡೆ ಮೇಲೆ ಇಡಲಾಗದವನಿಗೆ ದೋಣಿಯಲ್ಲಿ ಜಾಗ ಇಲ್ಲ.

ಈ ಮೆಟ್ಟಿಲು ನನಗೆ ಇಷ್ಟ, ಏಕೆಂದರೆ ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಮೊದಲ ವರ್ಷದ ಗುರಿ 54 ಕಿಲೋ ಸೊಂಟದೆತ್ತರಕ್ಕೆ ಅಂತ ಇಟ್ಟುಕೊಳ್ಳಿ. ಟಿವಿಯಲ್ಲಿ ಕಾಣುವ 100 ಕಿಲೋ 'ಹಗುರ' ಕಲ್ಲು ಅವರಿಗೆ ಹಗುರ. ಅದು ಬಹಳ ದೂರದ ಮಾತು.

ಕಲ್ಲು ಮಾಡಿಸುವುದು

ಟಿವಿಯಲ್ಲಿ ಕಾಣುವವು ಹೆಚ್ಚಾಗಿ ಅಚ್ಚಿನಲ್ಲಿ ಹಾಕಿದ ಕಾಂಕ್ರೀಟ್ ಗುಂಡುಗಳು. ನಾವೂ ಮಾಡಬಹುದು. ಇಲ್ಲಿ ಒಂದು ಲೆಕ್ಕ ತಲೆಯಲ್ಲಿರಲಿ. ಅಗಲ ಸ್ವಲ್ಪ ಏರಿದರೆ ತೂಕ ಸಿಕ್ಕಾಪಟ್ಟೆ ಏರುತ್ತದೆ. ಕಾಂಕ್ರೀಟ್ ಒಂದು ಘನ ಮೀಟರಿಗೆ ಸುಮಾರು 2400 ಕಿಲೋ ಅಂತ ಹಿಡಿದರೆ, ಬ್ಯಾಸ್ಕೆಟ್‌ಬಾಲ್ ಗಾತ್ರದ ಗುಂಡು 17 ಕಿಲೋ. 30 ಸೆಂಟಿಮೀಟರ್ ಅಗಲದ್ದು 34 ಕಿಲೋ. 35ಕ್ಕೆ 54 ಕಿಲೋ, 40ಕ್ಕೆ 80, 45ಕ್ಕೆ 114, 50 ಸೆಂಟಿಮೀಟರಿಗೆ 157. ಕೈ ಅಗಲ ಅಳತೆಯ ವ್ಯತ್ಯಾಸ, ತೂಕ ಮಾತ್ರ ಎರಡು ಪಟ್ಟು. ಹಾಗಾಗಿ 'ಇನ್ನೊಂದು ಸ್ವಲ್ಪ ದೊಡ್ಡದು ಮಾಡೋಣ' ಅಂತ ಮೇಸ್ತ್ರಿ ಅಂದರೆ ಒಪ್ಪಬೇಡಿ.

ಅಚ್ಚಿಗೆ ಫೈಬರ್ ಕೆಲಸ ಮಾಡುವವರ ಹತ್ತಿರ ಎರಡು ಹೋಳಿನ ದುಂಡನೆ ಚಿಪ್ಪು ಮಾಡಿಸಿ, ಬೋಲ್ಟ್ ಹಾಕಿ ಬಿಗಿಯುವ ಹಾಗೆ. ಮೇಲೆ ಕಾಂಕ್ರೀಟ್ ಸುರಿಯಲು ಕಿಂಡಿ ಇರಲಿ. ಒಳಗೆ ಎಣ್ಣೆ ಸವರಿ. ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಸಣ್ಣ ಜಲ್ಲಿ. ನೀರು ಕಡಿಮೆ ಹಾಕಿ. ತುಂಬುತ್ತಾ ಹೊರಗಿನಿಂದ ಮರದ ಸುತ್ತಿಗೆಯಲ್ಲಿ ತಟ್ಟುತ್ತಾ ಇರಿ. ಒಳಗೆ ಗಾಳಿ ಉಳಿದರೆ ಮೈಯೆಲ್ಲ ಗುಳಿ ಬೀಳುತ್ತದೆ, ಆ ಗುಳಿಗಳೇ ಆಮೇಲೆ ಕೈ ಕೊಯ್ಯುತ್ತವೆ. ಹಸಿ ಸಿಮೆಂಟು ಚರ್ಮ ಸುಡುತ್ತದೆ, ಗ್ಲೌಸ್ ಹಾಕಿ. ಎರಡು ದಿನಕ್ಕೆ ಅಚ್ಚು ಬಿಚ್ಚಿ, ಒದ್ದೆ ಗೋಣಿ ಸುತ್ತಿ ಕ್ಯೂರಿಂಗ್ ಮಾಡಿ. 28 ದಿನ ಆಗುವವರೆಗೆ ಎತ್ತಬೇಡಿ. ಜೋಡಣೆಯ ಗೆರೆಯನ್ನು ಉಜ್ಜಿ ನುಣುಪು ಮಾಡಿ.

ಅಂಟು

ಟಿವಿಯಲ್ಲಿ ಅವರ ಕೈಗೆ ಹಳದಿಯಾಗಿ ಏನೋ ಮೆತ್ತಿರುತ್ತದಲ್ಲ, ಅದು ಟ್ಯಾಕಿ. ಪೈನ್ ಮರದ ರಾಳದಿಂದ ಮಾಡುವ ಅಂಟು. ಹಲಸಿನ ಹಣ್ಣು ಬಿಡಿಸಿದವರಿಗೆ ಇದರ ಪರಿಚಯ ಹೇಳಬೇಕಿಲ್ಲ, ಹೆಚ್ಚುಕಮ್ಮಿ ಆ ಮೇಣದ್ದೇ ಅಣ್ಣ. ಬೆರಳಿಗೆ, ಅಂಗೈಗೆ, ಮುಂಗೈ ಒಳಭಾಗಕ್ಕೆ ಸವರುತ್ತಾರೆ. ಬಿಸಿಲು ಜಾಸ್ತಿ ಆದರೆ ಕರಗಿ ಎಣ್ಣೆಯ ಹಾಗೆ ಜಾರುತ್ತದೆ, ಚಳಿಗೆ ಕಲ್ಲಾಗುತ್ತದೆ. ಅದಕ್ಕೇ ಹವೆಗೆ ತಕ್ಕಂತೆ ಬೇರೆ ಬೇರೆ ಗಟ್ಟಿಯ ಟ್ಯಾಕಿ ಸಿಗುತ್ತದೆ. ಕಲಬುರಗಿಯ ಏಪ್ರಿಲ್‌ಗೂ ಮಡಿಕೇರಿಯ ಡಿಸೆಂಬರ್‌ಗೂ ಒಂದೇ ಡಬ್ಬಿ ಆಗಿಬರುವುದಿಲ್ಲ.

ಕಲಿಯುವವರಿಗೆ ಇದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಅಂಟು ಇದ್ದರೆ ತಪ್ಪು ಹಿಡಿತವೂ ಸರಿಯಾಗಿಯೇ ಅನ್ನಿಸುತ್ತದೆ. ಮೊದಲ ಆರು ತಿಂಗಳು ಜಿಮ್ಮಿನವರು ಕೈಗೆ ಹಚ್ಚುವ ಚಾಕ್ ಪುಡಿ ಮಾತ್ರ, ಮುಂಗೈಗೆ ಬಟ್ಟೆಯ ಪಟ್ಟಿ. ಆಮೇಲೆ ಬೇಕಾದರೆ ಟ್ಯಾಕಿ.

ಹಚ್ಚಿದ ಮೇಲೆ ತೆಗೆಯುವುದೇ ಇನ್ನೊಂದು ತಾಲೀಮು. ನೀರು, ಸೋಪು ಏನೂ ಕೆಲಸ ಮಾಡುವುದಿಲ್ಲ. ಕೊಬ್ಬರಿ ಎಣ್ಣೆ ಬೇಕು. ಕೈ ತುಂಬ ಸುರಿದುಕೊಂಡು ಎರಡು ನಿಮಿಷ ತಿಕ್ಕಿ, ಹಳೇ ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು. ಅಷ್ಟರವರೆಗೆ ಫೋನು, ಬೈಕ್ ಹ್ಯಾಂಡಲ್, ಮಕ್ಕಳ ತಲೆಗೂದಲು ಯಾವುದನ್ನೂ ಮುಟ್ಟಬೇಡಿ. ಎಣ್ಣೆ ಬಾಟ್ಲಿಯ ಮುಚ್ಚಳವನ್ನು ಮಾತ್ರ ಟ್ಯಾಕಿ ಹಚ್ಚುವ ಮೊದಲೇ ತೆರೆದಿಡಿ. ಅಂಟು ಕೈಯಲ್ಲಿ ತಿರುಗಿಸಲು ಹೋದರೆ ಮುಚ್ಚಳ ಬಿಚ್ಚಿಕೊಳ್ಳುತ್ತದೆ, ಕೈ ಬಿಡುವುದಿಲ್ಲ.